ಹಸಿರು ದಾರದ ಸೌಟು

ಆ ಗುರುವಾರದ ಬಗ್ಗೆ ನನ್ನ ಡೈರಿಯಲ್ಲಿರುವುದು ಇಷ್ಟೇ: ‘ಗ್ರೂಪಿನಲ್ಲಿ ಕೆಳಗಿನ ಮನೆಯವರ ಅಡುಗೆಯ ಬಗ್ಗೆ ಏನೇನೋ ಮಾತು. ನಾನು ತಲೆಹಾಕಲಿಲ್ಲ.’ ಎರಡನೆಯ ವಾಕ್ಯ ಸುಳ್ಳು. ಅದು ನನಗೆ ಗೊತ್ತಾಗಿದ್ದು ಮೂರು ವರ್ಷದ ಮೇಲೆ, ಹಳೆಯ ಫೋನಿನಿಂದ ಫೋಟೊಗಳನ್ನು ತೆಗೆದಿಟ್ಟುಕೊಳ್ಳುವಾಗ.

ಗಲ್ಫಿನಲ್ಲಿ, ಉಮ್ ಅಲ್ ಹಸ್ಸಮ್‌ನ ಆ ಕಟ್ಟಡದಲ್ಲಿ ನಾವು ಮೂರನೇ ಮಹಡಿ, ಅವರು ಎರಡನೇದು. ಮಂಗಳೂರಿನ ಕಡೆಯವರು, ಮನೆಯಲ್ಲಿ ಬ್ಯಾರಿ ಮಾತು, ಗಂಡ ಡ್ರೈವರ್. ಊರಿನಲ್ಲಿದ್ದ ಮಗಳನ್ನು ನರ್ಸಿಂಗ್ ಓದಿಸಲೆಂದು ಆ ಮನೆಯ ಅಕ್ಕ ಪ್ರತಿ ಶುಕ್ರವಾರ, ರಜೆಯ ಬೆಳಗ್ಗೆ, ನೀರುದೋಸೆ ಮಾಡಿ ಮಾರುತ್ತಿದ್ದರು. ಕೆಲವರಿಗೆ ಕೋಳಿ ಸಾರಿನ ಜೊತೆ, ನಮ್ಮಂಥವರಿಗೆ ಬರೀ ಕಾಯಿಚಟ್ನಿ, ತರಕಾರಿ ಸಾಗು. ಸಾಗುವಿನ ಪಾತ್ರೆಯೇ ಬೇರೆ. ಅದರ ಸೌಟಿನ ಹಿಡಿಗೆ ಹಸಿರು ದಾರ ಸುತ್ತಿದ್ದರು. ನಾನು ಕೇಳದಿದ್ದರೂ ಮೊದಲ ದಿನವೇ ಒಳಗೆ ಕರೆದೊಯ್ದು ತೋರಿಸಿದರು. “ನೋಡಿ ಮಾರಾಯ್ರೆ, ಕೋಳಿಯ ಸೌಟು ಇದರ ಮುಖ ಸಹ ನೋಡುದಿಲ್ಲ. ಇಬ್ಬರಿಗೂ ಮಾತು ಬಿಟ್ಟು ವರ್ಷ ಆಯ್ತು!”

ಆ ಗುರುವಾರ ಗ್ರೂಪಿಗೆ ಒಂದು ಫೋಟೊ ಬಂತು. ಬೆಂಗಳೂರು, ಮೈಸೂರು, ದಾವಣಗೆರೆ ಕಡೆಯ ನಮ್ಮದೇ ಗ್ರೂಪ್, ಅಕ್ಕ ಅದರಲ್ಲಿರಲಿಲ್ಲ. ಕೆಂಪು ಮಾಂಸದ ಸಾರಿನೊಳಗೆ ಹಸಿರು ದಾರದ ಸೌಟು. ಕೆಳಗೆ ಯಾರೋ ಬರೆದಿದ್ದರು: ‘ನಾವು ತಿನ್ನುತ್ತಿರುವುದು ಇದನ್ನೇ.’

ಮುಂದಿನದು ನನ್ನ ನೆನಪಲ್ಲ, ಹಳೆಯ ಫೋನಿನಲ್ಲಿ ಸಿಕ್ಕದ್ದು. ನಾನು ಆ ಫೋಟೊವನ್ನು ಪಕ್ಕದೂರು ಬುದಯ್ಯದ ಗೆಳತಿಯರ ಗ್ರೂಪಿಗೆ ದಾಟಿಸಿದ್ದೆ. ಅಕ್ಕನ ದೋಸೆಗೆ ಅತಿ ಹೆಚ್ಚು ಆರ್ಡರ್ ಬರುತ್ತಿದ್ದುದು ಅಲ್ಲಿಂದಲೇ. ‘ಇದು ನಮ್ಮ ಕೆಳಗಿನ ಮನೆಯದಂತೆ. ನಿಜವಾ? ಯಾರಿಗಾದರೂ ಗೊತ್ತಾ?’ ಎಂದು ಬರೆದಿದ್ದೆ. ಓದಿದವಳಲ್ಲವೇ, ಆರೋಪ ಮಾಡಲಿಲ್ಲ, ವಿಚಾರಿಸಿದೆ. ಸಂಜೆಯ ಹೊತ್ತಿಗೆ ಅದೇ ಫೋಟೊ ನಮ್ಮ ಗ್ರೂಪಿಗೆ ವಾಪಸ್ ಬಂದಿತ್ತು, ಪ್ರಶ್ನೆಯಿಲ್ಲದೆ: ‘ಅದೇ ಬಿಲ್ಡಿಂಗ್‌ನವರೇ ಹೇಳಿದ್ದಾರೆ.’ ಆ ‘ಬಿಲ್ಡಿಂಗ್‌ನವರು’ ನಾನು. ಆ ಮಾತನ್ನು ಓದಿ, ಬೇರೆ ಯಾರೋ ಕಣ್ಣಾರೆ ಕಂಡಿರಬೇಕು ಅಂದುಕೊಂಡೆನೇ? ಇರಬಹುದು.

ಮರುದಿನ ಬೆಳಗ್ಗೆ ಅಕ್ಕನ ಬಾಗಿಲಲ್ಲಿ ದೋಸೆಗೆ ಬಂದವರ ಚಪ್ಪಲಿಗಳಿರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಒಂದು ತಿಂಗಳ ಮೇಲೆ ಮೆಟ್ಟಿಲಲ್ಲಿ ಸಿಕ್ಕರು.

“ಅಷ್ಟು ಜನರ ಹತ್ರ ಕೇಳಿದ್ರಂತೆ ಮಾರಾಯ್ರೆ, ನಿಜವಾ ನಿಜವಾ ಅಂತ. ನನ್ನ ಹತ್ರ ಒಬ್ರು ಕೇಳ್ಲಿಲ್ಲ. ಒಂದು ಮೆಟ್ಲು ಇಳಿದ್ರೆ ಆಗ್ತಿತ್ತು.”

“ಜನಾನೇ ಹಾಗೆ ಅಕ್ಕ. ತಲೆ ಕೆಡಿಸ್ಕೋಬೇಡಿ,” ಅಂದೆ.

ಅಷ್ಟರಲ್ಲಿ ನಿಜಕ್ಕೂ ಮರೆತಿದ್ದೆನೇ, ಇಲ್ಲ ಮರೆತವಳಂತೆ ಮಾತಾಡಿದೆನೇ, ಎಷ್ಟು ಕೆದಕಿದರೂ ತಿಳಿಯುವುದಿಲ್ಲ. ಅಕ್ಕ ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದರು. ಅದು ಮಾತ್ರ ನೆನಪಿದೆ. ವರ್ಷ ತುಂಬುವುದರೊಳಗೆ ಅವರು ಊರಿಗೆ ಹೋದರು.

ಹಳೆಯ ಫೋನಿನಲ್ಲಿ ಆ ಫೋಟೊವನ್ನು ಹಿಗ್ಗಿಸಿ ನೋಡಿದೆ. ಹಿಂದಿನ ಗೋಡೆಗೆ ಬಿಳಿ ಟೈಲ್ಸ್. ಅಕ್ಕನ ಅಡುಗೆಮನೆಗೆ ಟೈಲ್ಸೇ ಇರಲಿಲ್ಲ, ತಿಳಿನೀಲಿ ಬಣ್ಣ ಬಳಿದಿತ್ತು. ನಾನು ಆ ಗೋಡೆಗೆ ಒರಗಿ ಎಷ್ಟು ಸಲ ಚಹಾ ಕುಡಿದಿಲ್ಲ!

ಊರಿನ ನಂಬರ್ ಹುಡುಕಿ ಫೋನ್ ಮಾಡಿದೆ. ಎಲ್ಲ ಹೇಳಿದೆ.

“ಗೊತ್ತಿತ್ತು ಮಾರಾಯ್ರೆ. ಬುದಯ್ಯದವರೊಬ್ರು ನಿಮ್ಮ ಮೆಸೇಜ್ ಆಗಲೇ ತೋರಿಸಿದ್ರು. ಮೆಟ್ಲಲ್ಲಿ ನೀವೇ ಹೇಳ್ತೀರಂತ ಕಾದೆ.”

ಮಗಳ ಓದು ಏನಾಯಿತು ಎಂದು ಕೇಳಿದೆ.

“ಅದು ಅರ್ಧಕ್ಕೆ ನಿಂತಿತು. ಈಗ ಬಟ್ಟೆ ಅಂಗಡಿಗೆ ಹೋಗ್ತಾಳೆ. ಬರುವ ಹೊತ್ತಾಯ್ತು, ಇಡ್ತೇನೆ.”