ಹುಷಾರಪ್ಪನ ಅಕ್ಕ ಹಡಗು ನೋಡಲು ಬಂದಳು

ಸ್ಟೇಷನ್ ಎದುರಿನ ಲಾಡ್ಜಿನ ಮ್ಯಾನೇಜರಿಗೆ ಹುಷಾರಪ್ಪ ಎಂದು ಹೆಸರಿಟ್ಟವರು ಅಲ್ಲಿನ ಅಡುಗೆಯವರು. ಇಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಊರು ನೋಡಲು ಬಂದವರು ಸೂಟ್‌ಕೇಸು ಕೆಳಗಿಡುವ ಮೊದಲೇ ಕೌಂಟರಿನ ಹಿಂದಿನಿಂದ ಅವನ ಪುರಾಣ ಶುರುವಾಗುತ್ತಿತ್ತು.

"ಹುಷಾರು ಸಾರ್, ಇದು ನಿಮ್ಮೂರಲ್ಲ. ಯಾರಾದ್ರೂ ನಗ್ತಾ ಮಾತಾಡ್ಸಿದ್ರೆ ತಿರುಗೂ ನೋಡ್ಬೇಡಿ. ಯಾರು ಏನು ಕೊಟ್ರೂ ಕುಡೀಬೇಡಿ, ಮತ್ತು ಬರೋ ಔಷಧಿ ಬೆರ್ಸಿರ್ತಾರೆ. ಫೋನಂತೂ ಯಾರ ಕೈಗೂ ಕೊಡ್ಲೇಬೇಡಿ. ಸಹಾಯ ಮಾಡ್ತೀನಿ ಅಂತ ಬಂದೋನೇ ಮೊದಲ್ನೇ ಕಳ್ಳ."

ಹೇಳುವಾಗ ದನಿ ತಗ್ಗಿಸಿ, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದ. ಬಂದ ಗಂಡ ಹೆಂಡಿರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಇದೆಲ್ಲ ಕಾಳಜಿ ಎಂದುಕೊಂಡಿರೋ, ನೀವೂ ಟೋಪಿ ಹಾಕಿಸಿಕೊಂಡಿರಿ ಎಂದೇ ಅರ್ಥ. ಹೆದರಿದವನು ಲಾಡ್ಜಿನ ಕಾರಲ್ಲೇ ಸುತ್ತುತ್ತಾನೆ, ಲಾಡ್ಜಿನ ಊಟವನ್ನೇ ಉಣ್ಣುತ್ತಾನೆ. ಇದು ಮಾಲೀಕ ಕಲಿಸಿದ ವಿದ್ಯೆ. ಹೊಸತರಲ್ಲಿ ಹುಷಾರಪ್ಪನಿಗೆ ಇದನ್ನು ಒದರಲು ನಾಚಿಕೆಯಾಗುತ್ತಿತ್ತಂತೆ. ಜೇಬುಗಳ್ಳರು ಇರಲಿಲ್ಲ ಎಂದಲ್ಲ, ಇದ್ದರು. ಯಾವ ಊರಲ್ಲಿಲ್ಲ ಹೇಳಿ? ಆದರೆ ಇವನು ಹೇಳುವಷ್ಟು ಕಳ್ಳರಿದ್ದಿದ್ದರೆ ಕದಿಸಿಕೊಳ್ಳಲು ಆ ಊರಲ್ಲಿ ಜನವೇ ಉಳಿಯುತ್ತಿರಲಿಲ್ಲ. ಹೇಳಿ ಹೇಳಿ ಕೊನೆಗೆ ತಾನೇ ನಂಬಿಬಿಟ್ಟ. ಪಕ್ಕದ ಮನೆಯವರು ಕಾಫಿ ಕೊಟ್ಟರೂ ಮೂಸಿ ನೋಡುವ ಮಟ್ಟಕ್ಕೆ ಬಂದಿದ್ದ ಮಹಾರಾಯ.

ಅವನಿಗೆ ತನ್ನವರು ಅಂತ ಇದ್ದವಳು ಅಕ್ಕ ಒಬ್ಬಳೇ. ಅಮ್ಮ ಹೋದ ಮೇಲೆ ಹೊಲಿಗೆ ಮಷಿನ್ ತುಳಿದು ಇವನನ್ನು ಸಾಕಿದವಳು. ಸಕ್ಕರೆ ಕಾಯಿಲೆ ಬೇರೆ, ದಿನಾ ಬೆಳಿಗ್ಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಹಡಗು ನೋಡಬೇಕು ಅನ್ನುವುದೊಂದು ಆಸೆ ಅವಳಿಗೆ. ಕರೆದಾಗೆಲ್ಲ, "ನಿಮ್ಮೂರು ತುಂಬಾ ಕಳ್ಳರು ಅಂತ ನೀನೇ ಹೇಳ್ತೀಯಲ್ಲೋ!" ಎಂದು ನಕ್ಕು ಮುಂದೂಡುತ್ತಿದ್ದಳು. ಅಂತೂ ಇಂತೂ ಆ ವರ್ಷ ಬಂದಳು.

ಕಾರಲ್ಲಿ ಕೂರಿಸಿಕೊಂಡು ಬಂದರಿಗೆ ಹೋಗುವುದೆಂದು ಮಾತಾಗಿತ್ತು. ಬೆಳಗಾಗುತ್ತಲೇ ಮಾಲೀಕ ಕಲ್ಲು ಹಾಕಿದ. "ದೊಡ್ಡ ಪಾರ್ಟಿ ಬಂದಿದೆ ಕಣಯ್ಯ. ಕಾರೂ ಇಲ್ಲ, ರಜಾನೂ ಇಲ್ಲ." ಊರಿಗೆಲ್ಲ ಬುದ್ಧಿ ಹೇಳುವ ಹುಷಾರಪ್ಪ ಮಾಲೀಕನೆದುರು ಬಾಯಿ ಬಿಡಲಿಲ್ಲ.

"ಇನ್ನೊಂದ್ಸಲ ನೋಡಿದ್ರಾಯ್ತು ಅಕ್ಕ" ಎಂದ.

"ನಾಳೆ ನನ್ನ ಟ್ರೇನು. ಇನ್ನೊಂದ್ಸಲ ಬರೋಕೆ ನಾನಿರ್ಬೇಕಲ್ಲ! ಬಸ್ಸಲ್ಲಿ ಹೋಗಿ ಬರ್ತೀನಿ ಬಿಡೋ, ನಾನೇನು ಸಣ್ಣ ಮಗೂನಾ?"

ಅವಳ ಕೈಚೀಲ ನೋಡಿ ಇವನು ಹೌಹಾರಿದ. "ಅಯ್ಯೋ, ಇಷ್ಟು ದೊಡ್ಡದು ಹಿಡ್ಕೊಂಡು ಹೋದ್ರೆ ಬ್ಲೇಡ್ ಹಾಕ್ತಾರೆ!" ಫೋನು, ದುಡ್ಡು ಮಾತ್ರ ತೆಗೆದು ಸಣ್ಣ ಪರ್ಸಿಗೆ ಹಾಕಿ ಅವಳ ಕೊರಳಿಗೆ ನೇತುಹಾಕಿದ. ತಲೆ ಸುತ್ತಿದರೆ ಬಾಯಿಗೆ ಹಾಕಿಕೊಳ್ಳಲು ಇಟ್ಟುಕೊಂಡಿದ್ದ ಸಕ್ಕರೆ ಪೊಟ್ಟಣ ಚೀಲದ ಜೊತೆ ರೂಮಿನಲ್ಲೇ ಉಳಿಯಿತು. ಇಂಜೆಕ್ಷನ್ ಆಗಿತ್ತು, ಅಡುಗೆಮನೆಯಲ್ಲಿ ಇನ್ನೂ ಒಲೆ ಹೊತ್ತಿರಲಿಲ್ಲ. ಒಂದು ತುಂಡು ಬ್ರೆಡ್ಡು ಕಚ್ಚಿಕೊಂಡು ಹೊರಟಳು.

"ಹೊರಗಡೆ ಮಾತ್ರ ಏನೂ ಮುಟ್ಬೇಡ, ಅಕ್ಕ."

"ಮುಟ್ಟಲ್ಲ. ಯಾರ್ ಜೊತೇನೂ ಮಾತಾಡಲ್ಲ, ಫೋನ್ ಕೊಡಲ್ಲ. ಸರೀನಾ ಮೇಷ್ಟ್ರೇ?" ಎಂದು ಅಣಕಿಸಿ ಬಸ್ಸು ಹತ್ತಿದಳು.

ಮುಂದಿನದನ್ನು ಅವನಿಗೆ ಹೇಳಿದವಳು ಬಂದರಿನ ಗೇಟಿನ ಹತ್ತಿರ ಹಣ್ಣಿನ ರಸ ಮಾರುವ ಹೆಂಗಸು. ಹೇಳಿದ್ದು ಆಸ್ಪತ್ರೆಯ ಪಡಸಾಲೆಯಲ್ಲಿ, ಗೋಡೆಗೆ ಒರಗಿ ನಿಂತು.

"ಬಸ್ಸು ಎಲ್ಲೋ ಸಿಕ್ಕಾಕ್ಕೊಂಡಿತ್ತಂತೆ ಅಣ್ಣ, ಬರೋಷ್ಟ್ರಲ್ಲಿ ಮಧ್ಯಾಹ್ನ. ಇಳಿದೋರು ಹಾಗೇ ಕಟ್ಟೆ ಮೇಲೆ ಕೂತ್ಬಿಟ್ರು. ಮೈಯೆಲ್ಲಾ ಬೆವರು, ಕೈ ಗಡಗಡ ನಡುಗ್ತಿತ್ತು, ಯಾರನ್ನ ನೋಡಿದ್ರೂ ಬೆದರ್ತಿದ್ರು. ನಮ್ಮತ್ತೆಗೂ ಸಕ್ಕರೆ ಕಾಯಿಲೆ, ನಂಗೆ ಗೊತ್ತಾಯ್ತು. ಒಂದು ಲೋಟ ರಸ ತಂದು ಬಾಯಿಗಿಟ್ಟೆ. ಹಲ್ಲು ಕಚ್ಕೊಂಡ್ರು. ಕುಡೀರಿ ಅಮ್ಮ, ದುಡ್ಡು ಬೇಡ ಅಂದೆ. ಲೋಟಾನೇ ತಳ್ಳಿದ್ರು. ಮನೆಯವ್ರಿಗೆ ಫೋನ್ ಮಾಡೋಣ ಅಂತ ಪರ್ಸಿಗೆ ಕೈ ಹಾಕಿದ್ರೆ, ಅಪ್ಪಿ ಹಿಡ್ಕೊಂಡು ಕಳ್ಳಿ ಕಳ್ಳಿ ಅಂತ ಕೂಗಿದ್ರು. ಸುತ್ತ ಇದ್ದ ಜನ, ನಮಗ್ಯಾಕಪ್ಪಾ ಅಂತ ಸರಿದ್ರು. ನಾನು ಮತ್ತೆ ರಸ ಹಿಡಿದೆ. 'ನಿಮ್ಮಂಥೋರ ವಿಷ್ಯ ನನ್ನ ತಮ್ಮ ಎಲ್ಲಾ ಹೇಳಿದಾನೆ' ಅಂದ್ರು. ಅಷ್ಟಂದು ಎದ್ದು ನಿಂತೋರು, ಹಾಗೇ ಮುಂದಕ್ಕೆ ಬಿದ್ರು."

ಹುಷಾರಪ್ಪ ನೆಲ ನೋಡುತ್ತ ನಿಂತಿದ್ದ. ಬಿದ್ದವಳನ್ನು ಟ್ಯಾಕ್ಸಿಗೆ ಹಾಕಿಕೊಂಡು ಬಂದವಳು ಈಕೆ. ಅದೇ ಫೋನಿನಿಂದ ಇವನಿಗೆ ಸುದ್ದಿ ಮುಟ್ಟಿಸಿದವಳು ಈಕೆ. ತನ್ನ ಅಂಗಡಿಯನ್ನು ಹಾಗೇ ಬಿಟ್ಟು ಬಂದಿದ್ದಳು. ಅಕ್ಕನ ರಕ್ತ ಅವಳ ತೋಳಿಗೆ ಮೆತ್ತಿ ಒಣಗಿತ್ತು.

ಡಾಕ್ಟರು ಹೊರಬಂದು, ತಲೆ ಕಲ್ಲಿಗೆ ಬಡಿದಿದೆ, ಉಳಿಸಿಕೊಳ್ಳಲು ಆಗಲಿಲ್ಲ ಎಂದರು. ಸಕ್ಕರೆ ಪೂರ್ತಿ ಇಳಿದುಹೋಗಿತ್ತಂತೆ. "ಬೀಳೋಕೆ ಮುಂಚೆ ಯಾರಾದ್ರೂ ಒಂದು ಲೋಟ ಜ್ಯೂಸ್ ಕುಡಿಸಿದ್ರೆ ಸಾಕಿತ್ತು. ಅಷ್ಟು ಜನ ಇರ್ತಾರಲ್ಲ ಅಲ್ಲಿ, ಒಬ್ರಿಗೂ ಹೊಳೀಲಿಲ್ವಾ?" ಎಂದು ಬೇಸರದಿಂದ ಕೇಳಿದರು. ರಸದ ಹೆಂಗಸು ಹುಷಾರಪ್ಪನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ.

ಡಾಕ್ಟರು ಹೋದ ಮೇಲೆ ಅವಳು ಸೆರಗಿನ ಮರೆಯಿಂದ ಅಕ್ಕನ ಪರ್ಸು ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. "ನರ್ಸು ಬಿಚ್ಚಿಕೊಟ್ಟ ಓಲೆ, ಉಂಗುರ ಎಲ್ಲಾ ಇದ್ರಲ್ಲೇ ಹಾಕಿದೀನಿ ಅಣ್ಣ."

ಹುಷಾರಪ್ಪ ಪರ್ಸು ತೆಗೆದುಕೊಂಡ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಮೊದಲೇ ಅವನ ಕೈ ಜಿಪ್ಪು ಎಳೆದು, ಒಳಗೆ ಬೆರಳು ಹಾಕಿ ಹುಡುಕತೊಡಗಿತ್ತು. ಫೋನು, ದುಡ್ಡು, ಓಲೆ, ಉಂಗುರ. ತಲೆ ಎತ್ತಿದಾಗ ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

"ಎಲ್ಲಾ ಸರಿಯಾಗಿದ್ಯಾ ಅಣ್ಣ?" ಎಂದು ಮೆಲ್ಲಗೆ ಕೇಳಿದಳು.

"ಸರಿಯಾಗಿದೆ" ಎಂದ.