ಹವಾಲ್ದಾರ್ ಪಿಳ್ಳಪ್ಪನ ಕೆಂಪು ಬಾವುಟ

ಹವಾಲ್ದಾರ್ ಪಿಳ್ಳಪ್ಪನ ಬಾಯಿ ಸುಮ್ಮನಿದ್ದುದನ್ನು ದೊಡ್ಡಬಳ್ಳಾಪುರದಲ್ಲಿ ಕಂಡವರಿಲ್ಲ. ರಾಜಘಟ್ಟದ ಒಕ್ಕಲು ಮನೆಯ ಹಿರಿಮಗ. ಮೀಸೆ ಚಿಗುರುವಾಗ ದಂಡಿಗೆ ಸೇರಿದವನು, ಅದು ನರೆಯುವ ಹೊತ್ತಿಗೆ ಒಂದು ಟ್ರಂಕು, ಒಂದು ಜೊತೆ ಬೂಟು ಮತ್ತು ಬರ್ಮಾ ಯುದ್ಧದ ಕಥೆಗಳೊಂದಿಗೆ ಹಿಂದಿರುಗಿದ. ಆ ಕಥೆಗಳಲ್ಲಿ ಜಪಾನಿಯರು ಹಿಂಡುಹಿಂಡಾಗಿ ಸಾಯುತ್ತಿದ್ದರು. ಕೇಳುವವರು ಹೆಚ್ಚಿದಂತೆ ಸತ್ತವರೂ ಹೆಚ್ಚುತ್ತಿದ್ದರು. ಅವನ ಬಲಮಂಡಿಯ ಗಾಯದ ಗುರುತು ಒಮ್ಮೆ ಬಯೊನೆಟ್ಟಿನದಾದರೆ ಇನ್ನೊಮ್ಮೆ ಬಾಂಬಿನ ಚೂರಿನದು.

ಅರವತ್ತೈದರ ಯುದ್ಧ ಮುಗಿದ ಮರುವರ್ಷ ನಮ್ಮೂರ ದೊಡ್ಡ ಮನುಷ್ಯರಿಗೆ ದೇಶರಕ್ಷಣೆಯ ಹುರುಪು ಬಂದಿತು. ಶತ್ರು ಮುಂದಿನ ಸಲ ದೊಡ್ಡಬಳ್ಳಾಪುರದ ಮೇಲೆಯೇ ಕಣ್ಣು ಹಾಕುತ್ತಾನೆಂದು ಅವರ ಅಂದಾಜು. ಇಷ್ಟು ಜನ ದೊಡ್ಡ ಮನುಷ್ಯರಿರುವ ಊರನ್ನು ಬಿಟ್ಟು ಅವನು ಇನ್ನೆಲ್ಲಿಗೆ ಹೋದಾನು? ಹೀಗೆ ರೈಫಲ್ ತರಬೇತಿ ಸಮಿತಿ ಹುಟ್ಟಿತು. ಮಂಡಿ ಸಾಹುಕಾರ ವೆಂಕಟರಾಯಪ್ಪನವರು ಅಧ್ಯಕ್ಷರಾದರು. ಅವರು ಅಧ್ಯಕ್ಷರಾಗದ ಸಮಿತಿ ಊರಿನಲ್ಲಿ ಇನ್ನೊಂದಿರಲಿಲ್ಲ. ಕೆಲವು ಹಳೆಯ ರೈಫಲುಗಳು ಸಿಕ್ಕವು, ಕಲಿಸಲು ಸಂಬಳಕ್ಕೆ ಪಿಳ್ಳಪ್ಪ ಸಿಕ್ಕ. ಮಗ್ಗದವರು, ಅಂಗಡಿಯವರು, ಮಂಡಿಯ ಹಮಾಲರು, ನನ್ನಂಥ ಒಂದಿಬ್ಬರು ಮೇಷ್ಟ್ರುಗಳು ಭಾನುವಾರ ಬೆಳಿಗ್ಗೆ ಮಾಕಳಿ ಬೆಟ್ಟದ ಬುಡದಲ್ಲಿ ಸಾಲಾಗಿ ಬೋರಲು ಮಲಗಿದೆವು.

ಬೋರಲು ಮಲಗಿದವರಲ್ಲಿ ಪಿಳ್ಳಪ್ಪನಿಗೆ ಹಿರಿಯ ಕಿರಿಯ, ಬಡವ ಬಲ್ಲಿದ ಎಂಬ ಭೇದವಿರಲಿಲ್ಲ. ಎಲ್ಲರನ್ನೂ ಒಂದೇ ಸಮನೆ ಬೈಯುತ್ತಿದ್ದ. ಮೊದಲನೆಯ ದಿನವೇ ವೆಂಕಟರಾಯಪ್ಪನವರ ತಲೆಯ ಬಳಿ ನಿಂತು, "ಏನಯ್ಯಾ, ಕೋವಿ ಹಿಡ್ಕೊಂಡಿದ್ದೀಯೋ, ಮದುವೆ ಮನೇಲಿ ಪನ್ನೀರುದಾನಿ ಹಿಡ್ಕೊಂಡಿದ್ದೀಯೋ?" ಎಂದ. ಅವರದೇ ಮಂಡಿಯ ಹಮಾಲರು ನಗು ತಡೆಯಲಾರದೆ ಮಣ್ಣಿಗೆ ಮುಖ ಒತ್ತಿಕೊಂಡರು. ಅಧ್ಯಕ್ಷರು ಆ 'ಏನಯ್ಯಾ'ವನ್ನು ಮರೆಯಲಿಲ್ಲ.

ಆದರೆ ಕಲಿಸುವುದಕ್ಕೆ ನಿಂತಾಗ ಅವನು ಬೇರೆಯೇ ಮನುಷ್ಯ. ಗುರಿಹಲಗೆಯ ಬುಡದಲ್ಲಿ ಆಳುದ್ದದ ಗುಂಡಿ ತೋಡಿಸಿದ್ದ. ನಾವು ಹೊಡೆಯುವಾಗ ಅವನು ಅದರೊಳಗೆ ಇಳಿದು ಕೂರುತ್ತಿದ್ದ. ಗುಂಡು ತಾಕಿದರೆ, ತಾಕಿದ ಜಾಗವನ್ನು ಉದ್ದನೆಯ ಕೋಲಿನಿಂದ ತೋರಿಸುತ್ತಿದ್ದ. ತಪ್ಪಿದರೆ ಗುಂಡಿಯಿಂದ ಒಂದು ಕೆಂಪು ಬಾವುಟ ಮೇಲೆದ್ದು ಆಚೀಚೆ ಆಡುತ್ತಿತ್ತು. ಅವನಿಗೆ ನಾವು ಕಾಣುತ್ತಿರಲಿಲ್ಲ. ಆದರೂ ಮೇಲೆ ಬಂದು, ಗುರಿಯ ಕಾಗದಗಳನ್ನು ಹರಡಿಕೊಂಡು, ಯಾರು ಏನು ಮಾಡಿದರೆಂದು ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ.

ನೇಕಾರ ಬೈರಣ್ಣನ ಕಾಗದದಲ್ಲಿ ತೂತುಗಳು ಒಂದರ ಕೆಳಗೊಂದು ಬಿದ್ದಿದ್ದವು. ಪಿಳ್ಳಪ್ಪ ಅದನ್ನು ನೋಡಿದವನೇ, "ಲೇ ಬೈರಾ, ಉಸಿರಾಡ್ತಾ ಹೊಡೆದಿದ್ದೀಯ ಕಣೋ. ಮಗ್ಗದಲ್ಲಿ ಎಳೆ ಕಡಿದ್ರೆ ಗಂಟು ಹಾಕ್ತೀಯಲ್ಲ, ಆಗ ನಿನ್ನ ಉಸಿರು ಎಲ್ಲಿರುತ್ತೆ?" ಎಂದು ಕೇಳಿದ. ಬೈರಣ್ಣ ಇಲ್ಲದ ಎಳೆಗೆ ಗಾಳಿಯಲ್ಲೇ ಗಂಟು ಹಾಕಿ ನೋಡಿಕೊಂಡು, ಒಳಗೇ ನಿಂತಿರುತ್ತೆ ಎಂದ. "ಹಂಗೇ ನಿಲ್ಸಿ ಹೊಡಿ."

ಮುಂದಿನ ಸರದಿಯಲ್ಲಿ ಬೈರಣ್ಣನ ತೂತುಗಳೆಲ್ಲ ಒಂದು ಅಂಗೈ ಅಗಲದಲ್ಲಿ ಬಂದು ಕೂತವು. ಹುಡುಗರ ತಪ್ಪು ಲೆಕ್ಕಗಳಿಗೆ ಅಡ್ಡಗೆರೆ ಎಳೆಯುವುದೇ ವಿದ್ಯೆಯೆಂದು ತಿಳಿದಿದ್ದವನು ನಾನು. ತಪ್ಪನ್ನು ನೋಡಿ ಅದನ್ನು ಮಾಡಿದವನ ಉಸಿರನ್ನು ಹೇಳಬಲ್ಲ ಗುರುವನ್ನು ಆ ದಿನವೇ ನೋಡಿದ್ದು.

ವೆಂಕಟರಾಯಪ್ಪನವರ ಗುಂಡುಗಳು ಬಲಕ್ಕೆ, ಕೆಳಕ್ಕೆ ಹೋಗುತ್ತಿದ್ದವು. ಕೋವಿಯ ಕುದುರೆಯನ್ನು ಜಗ್ಗಿ ಎಳೀತೀಯ, ಬೆರಳಲ್ಲಿ ಮೆಲ್ಲಗೆ ಹಿಂಡಬೇಕು, ಎಮ್ಮೆ ಹಾಲು ಕರೆಯೋಕೆ ಬರುತ್ತಾ ಎಂದು ಪಿಳ್ಳಪ್ಪ ಕೇಳಿದ. ಅದಕ್ಕೆ ಮನೆಯಲ್ಲಿ ಆಳಿದ್ದಾನೆ ಎಂದು ಅಧ್ಯಕ್ಷರು ಗಂಭೀರವಾಗಿ ಹೇಳಿದರು. "ಹಂಗಾದ್ರೆ ಕೋವಿ ಹೊಡೆಯೋಕೂ ಆಳನ್ನೇ ಕಳ್ಸು" ಎಂದು ಪಿಳ್ಳಪ್ಪ ಮುಂದಕ್ಕೆ ಹೋದ.

ಮರುದಿನ ಬೆಳಿಗ್ಗೆ ಅಧ್ಯಕ್ಷರು ಯಾರಿಗೂ ಹೇಳದೆ ಕೊಟ್ಟಿಗೆಗೆ ನಡೆದರು. ಎಮ್ಮೆ ಮೊದಲು ಚೊಂಬನ್ನು ಒದೆಯಿತು, ಆಮೇಲೆ ಅವರನ್ನು. ಹೆಂಡತಿ ಅಮ್ಮಯಮ್ಮ ಬಾಗಿಲಲ್ಲಿ ನಿಂತು, "ನೀವು ಅಧ್ಯಕ್ಷರು ಅಂತ ಅದಕ್ಕೆ ಗೊತ್ತಿಲ್ಲ, ಮೆಲ್ಲಗೆ ಹಿಂಡಿ" ಎಂದರಂತೆ. ಇದನ್ನು ಊರಿಗೆಲ್ಲ ಹೇಳಿದವರೂ ಆಕೆಯೇ. ಕೆಲವು ವಾರಗಳಲ್ಲಿ ಎಮ್ಮೆ ಒದೆಯುವುದನ್ನು ಬಿಟ್ಟಿತು, ಗುಂಡುಗಳು ಕಾಗದದ ನಡುವಿಗೆ ಸರಿಯತೊಡಗಿದವು.

ಅಷ್ಟರಲ್ಲಿ ಊರಿಗೆ ಪಾಪಯ್ಯ ಎಂಬುವನು ಬಂದ. ಅವನೂ ದಂಡಿನಲ್ಲಿ ಲಾರಿ ಓಡಿಸಿ ನಿವೃತ್ತನಾದವನು. ಪಿಳ್ಳಪ್ಪನನ್ನು ನೋಡಿದೊಡನೆ ಗುರುತು ಹಿಡಿದು, ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಊರಿಗೆಲ್ಲ ಕೇಳುವಂತೆ ಹೇಳಿಬಿಟ್ಟ. ಬರ್ಮಾ ಎಲ್ಲಿಂದ ಬಂತು? ಪಿಳ್ಳಪ್ಪ ಗಡಿ ದಾಟಿದವನೇ ಅಲ್ಲ. ದಂಡಿನ ಗುಂಡು ಹೊಡೆಯುವ ಮೈದಾನದಲ್ಲಿ, ಗುರಿಹಲಗೆಯ ಕೆಳಗಿನ ಗುಂಡಿಯಲ್ಲೇ ನೌಕರಿಯನ್ನೆಲ್ಲ ಕಳೆದವನು. ಮಂಡಿಯ ಗಾಯ ಆ ಗುಂಡಿಯ ಏಣಿ ಜಾರಿ ಆದದ್ದು. ಪಾಪಯ್ಯ ಇನ್ನೊಂದು ಮಾತನ್ನೂ ಸೇರಿಸಿದ: "ಗುಂಡಿಯೊಳಗಿರೋನ ಕೈಲಿ ಒಂದು ಮೊಳೆ ಇರುತ್ತೆ ಗುರು. ಸಾಹೇಬರಿಗೆ ಬೇಕಾದಷ್ಟು ತೂತು ಅವನೇ ಹಾಕಿಕೊಡ್ತಾನೆ."

ಅಧ್ಯಕ್ಷರು ಬಹಳ ದಿನದಿಂದ ಕಾಯುತ್ತಿದ್ದ ಕಾರಣ ಕೈಗೆ ಸಿಕ್ಕಿತು. ಒರಟನೆಂದು ತೆಗೆದರೆ ಬೈಗುಳಕ್ಕೆ ಹೆದರಿದರು ಎಂಬ ಮಾತು ಬರುತ್ತದೆ. ಸುಳ್ಳನೆಂದು ತೆಗೆದರೆ ಸತ್ಯಕ್ಕಾಗಿ ಎಂದಾಗುತ್ತದೆ. ಸಮಿತಿಯವರ ಗುರಿ ಹೊಡೆಯುವ ಪಂದ್ಯವೊಂದು ಹತ್ತಿರ ಬಂದಿತ್ತು. ಅದು ಮುಗಿದ ಮೇಲೆ ಅಲ್ಲಿಯೇ ಸಭೆ ಸೇರಿ ಪಿಳ್ಳಪ್ಪನನ್ನು ತೆಗೆಯುವುದೆಂದು ನಿಶ್ಚಯವಾಯಿತು. ಮೊದಲೇ ತೆಗೆಯುವಂತಿರಲಿಲ್ಲ. ಅಧ್ಯಕ್ಷರು ತಮ್ಮ ಗುರಿಯನ್ನು ನೋಡಲು ದೇವನಹಳ್ಳಿಯ ಬೀಗರನ್ನು ಕರೆದಿದ್ದರು, ಗುಂಡಿಯೊಳಗೆ ಕೂರಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ.

ಸುದ್ದಿ ಪಿಳ್ಳಪ್ಪನಿಗೂ ತಲುಪಿತ್ತು. ಈ ಕೆಲಸ ಹೋದರೆ ಅವನು ರಾಜಘಟ್ಟದಲ್ಲಿ ತಮ್ಮನ ಮನೆಯ ಜಗಲಿಯ ಮೇಲೆ ಕೂತು ಉಣ್ಣಬೇಕು. ಹವಾಲ್ದಾರ್ ಎಂದು ಕರೆಯುವವರು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಪಂದ್ಯದ ದಿನ ಮೊಳೆ ಕೆಲಸ ಮಾಡುವುದು ಖಂಡಿತ ಎಂದು ಎಲ್ಲರ ಎಣಿಕೆ. "ಅಧ್ಯಕ್ಷರಿಗೆ ಐದಕ್ಕೈದು, ಬರ್ದಿಟ್ಕೊಳ್ಳಿ" ಎಂದ ಪಾಪಯ್ಯ.

ಬೀಗರು ಕೊಡೆ ಬಿಚ್ಚಿಕೊಂಡು ಕೂತರು. ವೆಂಕಟರಾಯಪ್ಪನವರು ನನ್ನ ಪಕ್ಕದಲ್ಲಿ ಮಲಗಿ ಮೊದಲನೆಯ ಗುಂಡು ಹೊಡೆದರು. ಕೋಲು ಎದ್ದು ಗುರಿಯ ನಡುವಿನ ಕಪ್ಪು ಬೊಟ್ಟನ್ನು ಮುಟ್ಟಿತು. ಎರಡನೆಯದೂ ಅಲ್ಲೇ. ಮೂರನೆಯದೂ ಕಪ್ಪಿನಲ್ಲೇ ಬಿದ್ದಾಗ ಪಾಪಯ್ಯ ಪಕ್ಕದವರ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾಲ್ಕನೆಯದಕ್ಕೆ ಬೀಗರು ಚಪ್ಪಾಳೆ ತಟ್ಟಿದರು. ಐದನೆಯ ಗುಂಡಿನ ಸದ್ದು ಬೆಟ್ಟಕ್ಕೆ ಬಡಿದು ಹಿಂದಿರುಗಿತು.

ಕೋಲು ಏಳಲಿಲ್ಲ. ಗುಂಡಿಯಿಂದ ಕೆಂಪು ಬಾವುಟ ಎದ್ದು, ನಿಧಾನವಾಗಿ ಆಚೆಗೂ ಈಚೆಗೂ ಆಡಿತು.

ಪಾಪಯ್ಯನ ಮುಖದ ನಗೆ ಎಲ್ಲಿಗೋ ಹೋಗಿತ್ತು. ಒಂದು ಮೊಳೆಯ ಕೆಲಸ. ಅನ್ನ, ಮರ್ಯಾದೆ ಎರಡೂ ಉಳಿಯುತ್ತಿದ್ದವು. ಬರ್ಮಾ, ಜಪಾನು, ಮಂಡಿಯ ಗಾಯ ಎಲ್ಲದರಲ್ಲಿಯೂ ಸುಳ್ಳು ಹೇಳಿದ್ದ ಮನುಷ್ಯ, ಯಾರ ಕಣ್ಣಿಗೂ ಕಾಣದ ಆ ಗುಂಡಿಯೊಳಗೆ ಒಂದು ತೂತಿನ ಸುಳ್ಳು ಹೇಳಲಿಲ್ಲ.

ಪಿಳ್ಳಪ್ಪ ಕಾಗದ ಹಿಡಿದು ಮೇಲೆ ಬಂದ. ಸಭೆ, ತೀರ್ಮಾನ ಯಾವುದೂ ತನಗೆ ಸಂಬಂಧವಿಲ್ಲದವನಂತೆ ಅಧ್ಯಕ್ಷರೆದುರು ನಿಂತು ಅದನ್ನು ಚಾಚಿದ. "ನಾಲ್ಕು ಚೆನ್ನಾಗಿ ಹೊಡ್ದೆ. ಚಪ್ಪಾಳೆ ಬಿತ್ತು, ಐದನೇದು ಹೊಡೆಯೋವಾಗ ಬೀಗರ ಕಡೆ ನೋಡ್ದೆ ಕಣಯ್ಯಾ."

ಅವರು ನೋಡಿದ್ದರು. ಕುದುರೆ ಎಳೆಯುವ ಮುಂಚೆ ಕತ್ತನ್ನು ಕೂದಲೆಳೆಯಷ್ಟು ತಿರುಗಿಸಿದ್ದರು. ಪಕ್ಕದಲ್ಲಿದ್ದ ನಾನೊಬ್ಬನೇ ಅದನ್ನು ಕಂಡಿದ್ದೆ. ಅಧ್ಯಕ್ಷರು ಕಾಗದ ತೆಗೆದುಕೊಂಡರು.

ಹೊಂಗೆ ಮರದ ಕೆಳಗೆ ಸಭೆ ಸೇರಿತು. ಪಿಳ್ಳಪ್ಪ ಸುಳ್ಳನಾದ್ದರಿಂದ ಅವನನ್ನು ತೆಗೆಯತಕ್ಕದ್ದು ಎಂದು ಕಾರ್ಯದರ್ಶಿ ಓದಿದರು. ಅಧ್ಯಕ್ಷರು ಕಾಗದದ ತೂತುಗಳಿಗೆ ಬೆರಳು ಇಟ್ಟು ನೋಡುತ್ತಿದ್ದವರು ತಲೆಯೆತ್ತಿದರು.

"ಇವನು ಸುಳ್ಳ ಅಂತ ನಾವೇ ಬರೆದ್ರೆ, ನನ್ನ ಈ ನಾಲ್ಕು ಗುಂಡಿನ ಗತಿ ಏನ್ರಯ್ಯಾ?"

ಸಮಿತಿ ಅದನ್ನು ಯೋಚಿಸಿರಲಿಲ್ಲ. ಪಾಪಯ್ಯನೇ ಮೆಲ್ಲಗೆ, ಮೊಳೆ ಹಾಕೋನು ಬಾವುಟ ಆಡಿಸಲ್ಲ, ನಾಲ್ಕೂ ನಿಮ್ಮವೇ ಎಂದ. ಅಧ್ಯಕ್ಷರ ಎದೆ ಮತ್ತೆ ತನ್ನ ಮೊದಲಿನ ಅಗಲಕ್ಕೆ ಬಂತು. "ಒರಟ ಅಂತ ಬೇಕಾದ್ರೆ ಬರ್ಕೊಳ್ಳಿ, ಅದಕ್ಕೆ ನಾನೇ ಸಾಕ್ಷಿ. ಬರೋ ಭಾನುವಾರ ಅವನೇ ಕಲಿಸ್ಲಿ."

ಎಪ್ಪತ್ತೆರಡರಲ್ಲಿ ರೈಫಲುಗಳನ್ನು ಹಿಂದಕ್ಕೆ ಕೊಡುವವರೆಗೆ ಪಿಳ್ಳಪ್ಪನೇ ಕಲಿಸಿದ. ಬೈಗುಳ ಒಂದೂ ಕಡಿಮೆಯಾಗಲಿಲ್ಲ. ಆ ಕಾಗದವನ್ನು ವೆಂಕಟರಾಯಪ್ಪನವರು ಗಾಜು ಹಾಕಿಸಿ ಮಂಡಿಯ ಗೋಡೆಗೆ ತೂಗುಹಾಕಿದ್ದರು. ಬಂದವರು ನಾಲ್ಕು ತೂತುಗಳನ್ನು ಹೊಗಳಿದರೆ ತಲೆಯಾಡಿಸುವರು. ಆಮೇಲೆ, ಕೇಳಲಿ ಬಿಡಲಿ, ಹತ್ತಿರಕ್ಕೆ ಕರೆದು, ಏನೂ ಇಲ್ಲದ ಒಂದು ಜಾಗವನ್ನು ಬೆರಳಿಂದ ತೋರಿಸಿ, ಐದನೆಯದು ತಪ್ಪಿದ್ದು ಹೇಗೆಂದು ವಿವರವಾಗಿ ಹೇಳುವರು.