ಬದುವಿನ ಬುಡದ ಮಣ್ಣು

ಮೊನ್ನೆ ಕೊಪ್ಪಳದ ನಮ್ಮ ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಬಿಚ್ಚಿದೆ. ನೆಲ್ಲಿನ ಗದ್ದೆಯ ಹಸಿ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ದಿನಕ್ಕೆ ಹತ್ತಾರು ಚೀಲ ಬಿಚ್ಚುವ ಕೈಗೆ ಯಾವ ಮಣ್ಣೂ ಈಗ ಹೊಸದಲ್ಲ. ಅವತ್ತು ಮಾತ್ರ ನವಲಿಯ ದೊಡ್ಡವ್ವ ನೆನಪಾದರು...

ಆಗ ನಾನು ಕೃಷಿ ಎಂ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದೆ. ಉಪ್ಪು ಹತ್ತಿದ ಸವಳು ಗದ್ದೆಗಳ ಮೇಲೆ ಪ್ರಬಂಧ. ಗಂಗಾವತಿಯಲ್ಲಿ ಬಾಡಿಗೆ ಕೋಣೆ, ಅಲ್ಲಿಂದ ನವಲಿಗೆ ಬಸ್ಸು. ಓಡಾಡಿ ಓಡಾಡಿ ಮೈ ಹಣ್ಣಾಗಿತ್ತು, ಸೊಕ್ಕೇನೂ ಇಳಿದಿರಲಿಲ್ಲ. ದೊಡ್ಡವ್ವ ಅಲ್ಲಿ ನಾಟಿ, ಕಳೆ ತೆಗೆಯುವ ಹೆಂಗಸರ ಗುಂಪಿಗೆ ಮುಂದಾಳು.

ಮಣ್ಣನ್ನು ಗದ್ದೆಯ ನಡುವಿನಿಂದ ತೆಗೆಯಬೇಕು. ಅದು ನನಗೆ ಗೊತ್ತಿತ್ತು. ಆದರೆ ಮೊಣಕಾಲುದ್ದದ ಕೆಸರಿಗೆ ಯಾರು ಇಳಿಯಬೇಕು? ಬದುವಿನ ಮೇಲೆ ಕೂತು, ಕೈಗೆಟುಕಿದ್ದನ್ನು ಬಗೆದು, ಚೀಟಿಯಲ್ಲಿ ‘ಗದ್ದೆಯ ನಡು’ ಎಂದು ಬರೆದೆ. ಉಪ್ಪಿನಂಶ ವಿಪರೀತ ಬಂತು. ಪ್ರಬಂಧದ ಗೈಡ್ ಬೆನ್ನು ತಟ್ಟಿದರು.

ಒಂದು ದಿನ ಬುತ್ತಿ ಬಿಚ್ಚುವ ಹೊತ್ತಿಗೆ ದೊಡ್ಡವ್ವ ನನ್ನ ಪಾದ ನೋಡಿದರು.

"ತಂಗಿ, ಮೂರು ತಿಂಗಳಾತು, ನಿನ್ನ ಕಾಲಿಗೆ ಒಂದಿನಾನೂ ಕೆಸರು ಹತ್ತಿಲ್ಲ. ಬದುವಿನ ಬುಡದ ಮಣ್ಣು ಒಯ್ತಿ. ಸವಳೆಲ್ಲಾ ಅಲ್ಲೇ ಬಂದು ಕುಂದರ್ತೈತಿ ನೋಡು."

"ಅದಕ್ಕೊಂದು ಪದ್ಧತಿ ಇರ್ತೈತ್ರಿ ದೊಡ್ಡವ್ವ. ನಿಮಗ ತಿಳಿಯಂಗಿಲ್ಲ," ಎಂದುಬಿಟ್ಟೆ.

"ಹೌದೇಳವ್ವ," ಎಂದು ಅವರು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನ್ನ ಕೈಗಿಟ್ಟರು.

ಆ ರೊಟ್ಟಿ ತಿಂದು ಬಸ್ಸು ಹತ್ತಿದೆ. ವಾರವಿಡೀ ಒದ್ದಾಡಿ ಗೈಡ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಮೂರು ತಿಂಗಳ ಹಾಳೆಗಳನ್ನು ನನ್ನ ಕಡೆ ಸರಿಸಿ, ಮೊದಲಿನಿಂದ ಮಾಡು ಎಂದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಜೊತೆಯವರು ಪದವಿ ಪಡೆದು ಹೊರಟುಹೋದರು, ನಾನು ಉಳಿದೆ.

ಮತ್ತೆ ನವಲಿಗೆ ಹೋದಾಗ ದೊಡ್ಡವ್ವ ಗದ್ದೆಯಲ್ಲಿದ್ದರು. ನಾನೇ ಮುಂದಾಗಿ, "ಸರ್ ಇನ್ನೊಂದ್ಸಲ ಮಾಡು ಅಂದಾರ್ರಿ," ಎಂದೆ. ಅವರು ಕೈಹಿಡಿದು ನನ್ನನ್ನು ಕೆಸರಿಗೆ ಇಳಿಸಿಕೊಂಡರು. "ಅವಸರ ಮಾಡಬ್ಯಾಡ. ಮೊದಲು ಹಿಮ್ಮಡಿ ಎತ್ತು," ಎಂದು ಎಳೆಯ ಮಗುವಿಗೆ ಕಲಿಸುವಂತೆ ನಡೆಯಲು ಕಲಿಸಿದರು. ಆ ವರ್ಷ ನಾನು ಕಲಿತದ್ದರಲ್ಲಿ ಮೈಗೆ ಹತ್ತಿದ್ದು ಅದೊಂದೇ.

ಪ್ರಬಂಧ ಮುಗಿಯಿತು, ನೌಕರಿ ಸಿಕ್ಕಿತು. ನವಲಿಗೆ ಹೋಗಬೇಕು, ಹೋಗಬೇಕು ಅನ್ನುತ್ತಲೇ ವರ್ಷಗಳು ಹೋದವು...

ಆ ಚೀಲ ಬಿಚ್ಚಿದ ಮೇಲೆ ಬಂದ ಭಾನುವಾರ ಹೋದೆ. ಬಾಗಿಲಿಗೆ ಬಂದದ್ದು ಅವರ ಸೊಸೆ.

"ಅತ್ತಿ ಹೋಗಿ ಎರಡು ವರ್ಷ ಆತ್ರಿ," ಎಂದು ಒಳಗೆ ಕರೆದು ಚಹಾ ಕೊಟ್ಟರು. ನಾನು ಯಾರೆಂದು ತಿಳಿದಾಗ ಅವರ ಮುಖ ಅರಳಿತು. "ನಿಮ್ಮ ಸರ್‌ಗ ಭಾಳ ಬೈತಿದ್ಲ್ರಿ ಅತ್ತಿ. ಪಾಪ, ಆ ಹುಡುಗಿ ಕೈಲೆ ಎಲ್ಲಾ ಮತ್ತ ಮಾಡಿಸ್ಯಾನ ಅಂತ."

ತಪ್ಪು ನನ್ನದೇ ಎಂದು ಗೈಡ್ ಮುಂದೆ ಒಪ್ಪಿಕೊಂಡದ್ದನ್ನು ದೊಡ್ಡವ್ವನ ಮುಂದೆ ಒಪ್ಪಿಕೊಳ್ಳಲು ಅವತ್ತು ನನಗೆ ಬಾಯಿ ಬಂದಿರಲಿಲ್ಲ. ಸೊಸೆಯ ಮುಂದೆಯೂ ಬರಲಿಲ್ಲ. ಚಹಾ ಕುಡಿದು ಬಸ್ ಸ್ಟ್ಯಾಂಡಿಗೆ ಬಂದೆ.